ಮೋತಿಯನ್ನು ನಡೆಸಿದ ಕಾಂಪೌಂಡರು

ಸಿರಿ, ಅಮೋಘ, ಇಬ್ಬರೂ ಒಟ್ಟಿಗೆ ಕೂತು ಇದನ್ನು ಓದಿರಿ. ಒಬ್ಬರು ಓದಿ ಇನ್ನೊಬ್ಬರಿಗೆ ಹೇಳುವುದು ಬೇಡ, ಹೇಳುವಾಗ ನೀವು ಅರ್ಧ ನುಂಗುತ್ತೀರಿ. ನಿಮ್ಮಜ್ಜಿ ರೂಪನಗುಡಿಯ ಸಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಮದುವೆಯಾದ ಮೇಲೆ ಒಂದೆರಡು ಕಾಗದ ಬಿಟ್ಟರೆ ಏನೂ ಬರೆದವಳಲ್ಲ. ಆದರೆ ಇವತ್ತು ಬೆಳಿಗ್ಗೆ ಇಲ್ಲಿ ಸಿರುಗುಪ್ಪದಲ್ಲಿ ಹಾಲು ಹಾಕುವಾಕೆ ಬಾಗಿಲಲ್ಲಿ ನಿಂತು, "ಕೆಂಚನಗುಡ್ಡದಾಗ ಒಬ್ರು ಮುದುಕ್ರು ಇದ್ರಲ್ರಿ, ಕುರುಗೋಡಿನ ದನದ ದವಾಖಾನ್ಯಾಗ ಕಾಂಪೌಂಡ್ರು ಆಗಿದ್ದೋರು, ಹೋದ ತಿಂಗಳು ತೀರಿಕೊಂಡ್ರಂತ್ರಿ" ಎಂದಳು. ದುಃಖ ಆಯಿತು. ಆದರೆ ಅದಕ್ಕಿಂತ ಮುಂಚೆ ಬಂದದ್ದು ಒಂದು ನಮೂನೆಯ ಅವಸರ. ಇವರ ಆ ದಿನಗಳನ್ನು ಕಂಡವರಲ್ಲಿ ನಮ್ಮ ಮನೆಯಲ್ಲಿ ಈಗ ಉಳಿದವಳು ನಾನೊಬ್ಬಳೇ, ಬರೆಯಬೇಕು, ಇವತ್ತೇ ಬರೆಯಬೇಕು ಎಂದು ಕೈ ತುರಿಸಿತು. ಒಲೆಯ ಮೇಲಿನ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ.

ಅವರ ಹೆಸರು ನನಗೆ ಗೊತ್ತು. ಬರೆಯುವುದಿಲ್ಲ. ಹೆಸರು ಹಿಡಿದು ಒಂದು ಸಲವೂ ಕರೆದವಳಲ್ಲ ನಾನು. ಕುರುಗೋಡಿಗೆಲ್ಲ ಅವರು ಕಾಂಪೌಂಡ್ರು. ನನಗೂ ಅಷ್ಟೇ.

ಆಗ ಎಪ್ಪತ್ತರ ದಶಕ ಶುರುವಾಗಿತ್ತು. ನನಗೆ ಇಪ್ಪತ್ತು ವಯಸ್ಸು, ಕುರುಗೋಡಿನ ಗೌಡರ ಮನೆಯ ಸೊಸೆ, ನಿಮ್ಮ ಅಪ್ಪ ಇನ್ನೂ ಹುಟ್ಟಿರಲಿಲ್ಲ. ಕುರುಗೋಡಿನ ದನದ ದವಾಖಾನೆ ಎಂದರೆ ಎರಡು ಕೋಣೆ, ಒಂದು ಬೇವಿನ ಮರ, ಎತ್ತು ನಿಲ್ಲಿಸಲು ಒಂದು ಕಟ್ಟಿಗೆಯ ಚೌಕಟ್ಟು. ಡಾಕ್ಟರು ಬಳ್ಳಾರಿಯಿಂದ ವಾರಕ್ಕೆ ಎರಡು ದಿನ ಬರುತ್ತಿದ್ದರು. ಉಳಿದ ದಿನ ಕಾಂಪೌಂಡರೇ ಎಲ್ಲ. ತೆಳ್ಳನೆಯ ಎತ್ತರದ ಆಳು, ಖಾಕಿ ಚಡ್ಡಿ, ಬಿಳಿ ಅಂಗಿ, ಸೈಕಲ್ಲಿನ ಹಿಂದೆ ಔಷಧಿಯ ಕಟ್ಟಿಗೆಪೆಟ್ಟಿಗೆ. ಹರೆಯದಲ್ಲಿ ಮಿಲಿಟರಿಯಲ್ಲಿ ಹೇಸರಗತ್ತೆ ಮತ್ತು ನಾಯಿ ನೋಡಿಕೊಳ್ಳುವ ಕಡೆ ಇದ್ದವರಂತೆ. ಅದಕ್ಕೇ ಇರಬೇಕು, ಕೂತರೂ ನಿಂತರೂ ಬೆನ್ನು ಬಗ್ಗುತ್ತಿರಲಿಲ್ಲ.

ಅವರ ಒಂದು ಪದ್ಧತಿ ಊರಿಗೆಲ್ಲ ಬಾಯಿಪಾಠವಾಗಿತ್ತು. ಯಾರೇ ಬಂದು "ನಮ್ಮ ಎತ್ತಿಗೆ ಹಿಂಗಾಗೈತ್ರಿ, ಹಂಗಾಗೈತ್ರಿ" ಎಂದು ಶುರು ಮಾಡಿದರೆ ಕೈ ಎತ್ತಿ ತಡೆಯುತ್ತಿದ್ದರು. "ಮೊದ್ಲ ನಡಸ್ರಿ. ಆಮ್ಯಾಲೆ ಮಾತಾಡ್ರಿ." ಪ್ರಾಣಿ ಅಂಗಳದಲ್ಲಿ ಎರಡು ಸುತ್ತು ನಡೆಯುವವರೆಗೆ ಮಾಲಕನ ಮಾತಿಗೆ ಕಿವಿಯೇ ಕೊಡುತ್ತಿರಲಿಲ್ಲ. ಆದೋನಿ ಕಡೆಯಿಂದ ಕೊಂಡು ತಂದ ಎತ್ತುಗಳ ಜೊತೆ ಮಾತ್ರ ತೆಲುಗಿನಲ್ಲಿ ಮಾತಾಡುತ್ತಿದ್ದರು. "ರಾ ನಾಯನಾ, ಕಾಲೆತ್ತು" ಎಂದು ಮೆತ್ತಗೆ ಹೇಳಿದರೆ ಅದು ಎತ್ತಿಯೇ ಬಿಡುತ್ತಿತ್ತು. ನಿಮ್ಮ ತಾತ ಒಮ್ಮೆ ನಕ್ಕದ್ದಕ್ಕೆ, "ನಗಬ್ಯಾಡ್ರಿ ಸಣ್ಣಗೌಡ್ರ. ನಿನ್ನೆ ಬಂದೈತಿ, ಇಷ್ಟು ಲಗೂನ ಕನ್ನಡ ಎಲ್ಲಿಂದ ಬರಬೇಕು ಅದಕ?" ಎಂದಿದ್ದರು.

ಇನ್ನೊಂದು ವಿಷಯ ಹೇಳಲೇಬೇಕು. ಅವರ ಓಣಿ ಊರ ಆಚೆ ಬದಿಗೆ ಇತ್ತು. ನಮ್ಮಂಥ ಮನೆಗಳಿಗೆ ಬಂದರೆ ಅವರನ್ನು ಯಾರೂ ಕಟ್ಟೆಯ ಮೇಲೆ ಕೂರಿಸುತ್ತಿರಲಿಲ್ಲ. ಅವರು ಕಾಯುತ್ತಲೂ ಇರಲಿಲ್ಲ. ಸೈಕಲ್ಲಿನಿಂದ ಪೆಟ್ಟಿಗೆ ಇಳಿಸಿ ಅದರ ಮೇಲೆಯೇ ಠೀವಿಯಿಂದ ಕೂರುತ್ತಿದ್ದರು. ಅಂಗಳ ನಮ್ಮದಾದರೂ ಆ ಹೊತ್ತಿಗೆ ಅದು ಅವರ ದವಾಖಾನೆ ಆಗುತ್ತಿತ್ತು.

ಈಗ ಮೋತಿಯ ವಿಷಯ. ಸಿರುಗುಪ್ಪದಲ್ಲಿದ್ದ ಕಾಲುವೆ ಇಂಜಿನಿಯರೊಬ್ಬರಿಗೆ ವರ್ಗವಾಗಿ, ಅವರು ಮನೆಯ ಎರಡು ತಿಂಗಳ ಅಲ್ಸೇಷಿಯನ್ ಮರಿಯನ್ನು ನಮ್ಮ ಮಾವನವರಿಗೆ ಕೊಟ್ಟು ಹೋದರು. ಹೆಣ್ಣುಮರಿ. ಕಿವಿ ಎರಡೂ ಇನ್ನೂ ನಿಂತಿರಲಿಲ್ಲ, ಒಂದು ಅತ್ತ ಒಂದು ಇತ್ತ. ಊರಿನಲ್ಲಿ ಅಂಥ ನಾಯಿ ಯಾರೂ ಕಂಡಿರಲಿಲ್ಲ! ಮಾವನವರು ಭಾರೀ ಮೈಯ ಮನುಷ್ಯ, ಹತ್ತಿ, ಮೆಣಸಿನಕಾಯಿಯ ಒಕ್ಕಲುತನ. ಹೊಲ ಕಾಯಲು ಮಿಲಿಟರಿ ನಾಯಿ ಬಂತು ಎಂದು ಮೀಸೆ ತಿರುವಿದರು. ನನಗಾದರೋ ಆ ಮನೆಯಲ್ಲಿ ನನ್ನನ್ನು ಕಂಡು ಬಾಲ ಆಡಿಸಿದ ಮೊದಲ ಜೀವ ಅದು. ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ಮಕ್ಕಳಿರಲಿಲ್ಲ, ನಾನು ಸೆರಗಿನೊಳಗೆ ಮಾತಾಡುವ ಸೊಸೆ. ಮೋತಿಯೊಡನೆ ಮಾತ್ರ ಬಾಯ್ತುಂಬ ಮಾತಾಡುತ್ತಿದ್ದೆ.

ಆರು ತಿಂಗಳು ತುಂಬುವಾಗ ಅದರ ನಡಿಗೆ ಕೆಟ್ಟಿತು. ಓಡುವಾಗ ಹಿಂದಿನ ಎರಡು ಕಾಲನ್ನೂ ಜೋಡಿಸಿಕೊಂಡು ಮೊಲದಂತೆ ಜಿಗಿಯುತ್ತಿತ್ತು. ಮೊದಮೊದಲು ನಾವು ಚಂದ ಎಂದು ನಕ್ಕೆವು. ಆಮೇಲೆ ಕೂತರೆ ಏಳಲು ಒದ್ದಾಡತೊಡಗಿತು. ನಡುಮನೆಯ ಕಡಪ ಕಲ್ಲಿನ ಮೇಲೆ ಕಾಲು ಜಾರಿ, ಕಪ್ಪೆಯಂತೆ ಅಗಲವಾಗಿ ಬಿದ್ದು, ನನ್ನ ಮುಖ ನೋಡಿ ಕುಂಯ್‌ಗುಡುತ್ತಿತ್ತು. ಮಾವನವರು ಕಾಂಪೌಂಡರನ್ನು ಕರೆಸಿದರು. ಕರೆಸಿದ್ದು ವಾಸಿ ಮಾಡಿಸಲು ಅಲ್ಲ.

"ನೋಡಪಾ ಕಾಂಪೌಂಡ್ರ, ಕುಂಟ ನಾಯಿ ಕಟ್ಕೊಂಡು ನಾ ಏನು ಹೊಲ ಕಾಯಿಸ್ಲಿ? ಒಂದು ಸೂಜಿ ಹಾಕಿ ಮುಗಿಸಿಬಿಡು. ನರಳೋದು ನೋಡಾಕ ಆಗವಲ್ದು."

"ಮೊದ್ಲ ನಡಸ್ರಿ ಗೌಡ್ರ."

"ನಡ್ಯಾಕ ಬರಂಗಿಲ್ಲ ಅಂತ ಹೇಳಾಕತ್ತೀನಲ್ಲೋ!"

"ಹೆಂಗ ಬರಂಗಿಲ್ಲ ಅನ್ನೋದನ್ನ ನೋಡಬೇಕ್ರಿ ನಾನು."

ನಡೆಸಲು ಯಾರೂ ಮುಂದೆ ಬರಲಿಲ್ಲ. ನಾನು ಬಾಗಿಲ ಮರೆಯಿಂದ ಹೊರಗೆ ಬಂದು ಹಗ್ಗ ಹಿಡಿದೆ. ಎರಡು ಸುತ್ತು ನಡೆಸಿದೆ. ಅವರು ನೆಲಕ್ಕೆ ಕುಕ್ಕರುಗಾಲಿನಲ್ಲಿ ಕೂತು ಅದರ ಸೊಂಟ ಮಾತ್ರ ನೋಡಿದರು. ಆಮೇಲೆ ಬೆರಳಿನಿಂದ ತೊಡೆಯ ಕೀಲು ಮುಟ್ಟಿದರು. ಆ ಉದ್ದನೆಯ ಒರಟು ಬೆರಳು ಅಷ್ಟು ಹಗುರ ಎಂದು ಯಾರೂ ನಂಬಲಾರರು! ಮೋತಿ ಅವರ ಮಣಿಕಟ್ಟು ನೆಕ್ಕಿತು.

ಹಿತ್ತಲಲ್ಲಿದ್ದ ಒರಳುಕಲ್ಲನ್ನು ತೋರಿಸಿ ಅವರು ಹೇಳಿದರು: "ಅಲ್ಲಿ ನೋಡ್ರಿ. ಒರಳು ಆಳ ಇದ್ರ ಗುಂಡು ಗಟ್ಟ್ಯಾಗಿ ಕುಂತು ತಿರುಗತೈತಿ. ಒರಳು ತಟ್ಟ್ಯಾಂಗಿದ್ರ? ಗುಂಡು ಹೊರಗ ಜಾರತೈತಿ. ಇದರ ಸೊಂಟದಾಗ ಹಂಗ ಆಗೈತಿ ಅಂತ ನನಗ ಅನುಮಾನ. ಇಂಥ ದೊಡ್ಡ ಜಾತಿ ನಾಯಿಗೆ ಹುಟ್ಟಿನಿಂದನ ಬರತೈತಿ ಇದು, ತಾಯಿ ತಂದಿ ಕಡಿಂದ. ಖಾತ್ರಿ ಆಗ್ದ ನಾ ಸೂಜಿ ಹಾಕಂಗಿಲ್ಲ. ಬಳ್ಳಾರಿಗೆ ಹೋಗಿ ಒಂದು ಎಕ್ಸ್‌ರೇ ತಗಸೂನು."

"ನಾಯಿಗೆ ಎಕ್ಸ್‌ರೇನ?" ಎಂದು ಮಾವನವರು ಎಷ್ಟು ನಕ್ಕರೆಂದರೆ ಹೊಟ್ಟೆ ಹಿಡಿದುಕೊಂಡರು. ನಕ್ಕದ್ದೇ ಒಳ್ಳೆಯದಾಯಿತು, ಆ ಗುಂಗಿನಲ್ಲಿ ಹೂಂ ಎಂದುಬಿಟ್ಟರು.

ಬೆಲೆ ಬರಲೆಂದು ಹಿಡಿದಿಟ್ಟಿದ್ದ ಮೆಣಸಿನಕಾಯಿಯ ಲಾರಿ ಅದೇ ವಾರ ಬಳ್ಳಾರಿಗೆ ಹೊರಟಿತ್ತು. ಬಸ್ಸಿನಲ್ಲಿ ನಾಯಿ ಹತ್ತಿಸುವುದಿಲ್ಲ. ಹಾಗಾಗಿ ಡ್ರೈವರನ ಪಕ್ಕ ನಿಮ್ಮ ತಾತ, ನಾನು, ನನ್ನ ಕಾಲ ಬಳಿ ಮೋತಿ. ಕಾಂಪೌಂಡರು ಹಿಂದೆ ಚೀಲಗಳ ಮೇಲೆ. ಬಳ್ಳಾರಿ ಮುಟ್ಟುವವರೆಗೆ ಎಲ್ಲರಿಗೂ ಸೀನು! ಮೋತಿ ಸೀನಿದಾಗಲೆಲ್ಲ ಹಿಂದಿನಿಂದ "ಶಂಭೋ" ಎಂಬ ಕೂಗು.

ಮನುಷ್ಯರಿಗೆ ಎಕ್ಸ್‌ರೇ ತೆಗೆಯುವ ಒಂದು ಅಂಗಡಿ. ಅಲ್ಲಿದ್ದಾತ ಚೀಟಿ ಬರೆಯುತ್ತ ಕೇಳಿದ.

"ಹೆಸರು?"

"ಮೋತಿ" ಎಂದರು ಕಾಂಪೌಂಡರು.

"ವಯಸ್ಸು?"

"ಆರು ತಿಂಗಳು."

"ಅಯ್ಯೋ ಪಾಪ, ಕೂಸು. ಏನಾಗೈತ್ರಿ?"

"ಸೊಂಟ ನೋಯ್ತೈತ್ರಿ. ನಡ್ಯಾಕತ್ತಿತ್ತು, ಓಡಾಕತ್ತಿತ್ತು, ಈಗ ಏಳಾಕ ಆಗವಲ್ದು."

"ಆರು ತಿಂಗಳಿಗೆ ಓಡಾಕತ್ತಿತ್ತೇನ್ರಿ?" ಆತ ಪೆನ್ನು ಬಿಟ್ಟು ತಲೆ ಎತ್ತಿದ. ಆಗ ನನ್ನ ಸೆರಗಿನ ಕೆಳಗಿನಿಂದ ಮೋತಿ ಮೂತಿ ಹೊರಗೆ ಹಾಕಿತು. ಆತನ ಮುಖ ನೀವು ನೋಡಬೇಕಿತ್ತು! ಬೈದ. ಆಮೇಲೆ ಬಗ್ಗಿ ಅದರ ಕಿವಿ ಸವರಿದ. ಆಮೇಲೆ, ಮನುಷ್ಯರೆಲ್ಲ ಮುಗಿಯಲಿ, ಕಡೆಗೆ ಮಾಡಿಕೊಡುತ್ತೇನೆ ಎಂದ. ಮಾಡಿಯೂ ಕೊಟ್ಟ. ಕಾಂಪೌಂಡರು ಮೋತಿಯನ್ನು ಅಂಗಾತ ಮಲಗಿಸಿ ಕಿವಿಯಲ್ಲಿ ಏನೋ ಗುನುಗಿದರು. ಅದು ಅಲ್ಲಾಡಲಿಲ್ಲ.

ಆ ಫಿಲಮನ್ನು ಬೀದಿಯಲ್ಲಿ ಸೂರ್ಯನಿಗೆ ಹಿಡಿದು ಅವರು ನನಗೇ ತೋರಿಸಿದರು. ನಿಮ್ಮ ತಾತನಿಗೂ ಅಲ್ಲ, ನನಗೆ. "ನೋಡವ್ವಾ ತಂಗಿ, ಇದು ಗುಂಡು. ಇದು ಒರಳು." ನನಗೆ ಕಂಡಿತು! ಹೊಗೆಯಂಥ ಬಿಳುಪಿನಲ್ಲಿ ಎರಡು ಗುಂಡು, ಎರಡೂ ಅರ್ಧ ಹೊರಗೆ, ಬಲಗಡೆಯದು ಇನ್ನೂ ಹೆಚ್ಚು. ಉಸಿರಾಡುವ ಪ್ರಾಣಿಯೊಂದರ ಒಳಗನ್ನು ನಾನು ಕಂಡದ್ದು ಅದೇ ಮೊದಲು. ದನದ ಡಾಕ್ಟರು ಅದನ್ನು ನೋಡಿ ಕಾಂಪೌಂಡರ ಮಾತೇ ಸರಿ ಎಂದರು. ಕೀಲನ್ನು ಸರಿ ಮಾಡುವ ಔಷಧ ಇಲ್ಲ, ತೂಕ ಇಳಿಸಿ, ಆಹಾರದಿಂದ, ನಡಿಗೆಯಿಂದ ಸಂಭಾಳಿಸಬಹುದು, ನೋಡಿಕೊಳ್ಳುವವರು ಇದ್ದರೆ ಮಾತ್ರ ಎಂದರು.

ಮಾವನವರು ಗಡುವು ಹಾಕಿದರು. "ಹತ್ತಿ ಬಿಡಿಸೋ ತನಕ. ಅಷ್ಟರಾಗ ಅದು ಮನಿಯಿಂದ ಹೊಲಕ್ಕ ನಡಕೊಂಡು ಬರಬೇಕು. ಬರದಿದ್ರ ಸೂಜಿ." ಆಗ ಕಾಲುವೆಗೆ ನೀರು ಬಿಡುವ ಹೊತ್ತು. ಹತ್ತಿ ಬಿಡಿಸಲು ಆರು ತಿಂಗಳಿತ್ತು.

ಮರುದಿನ ಕಾಂಪೌಂಡರು ಅಂಗಳದಲ್ಲಿ ಪೆಟ್ಟಿಗೆಯ ಮೇಲೆ ಕೂತು ವಿಚಾರಣೆ ಶುರು ಮಾಡಿದರು. ನಾಯಿಗೆ ಏನು ಹಾಕುತ್ತೀರಿ? ಒಬ್ಬೊಬ್ಬರನ್ನೇ ಕೇಳಿದರು. ನಾನು ಮೆಲ್ಲಗೆ, ಎರಡು ಹೊತ್ತು ರೊಟ್ಟಿ ಹಾಲು ಎಂದೆ. ಅತ್ತೆಯವರು ಮುಖ ತಿರುಗಿಸಿಕೊಂಡು, "ನಾ ಏನು ಹಾಕ್ತೀನಿ? ಒಂದೀಟು ತುಪ್ಪ, ಒಂದು ಶೇಂಗಾದ ಉಂಡಿ. ಎಲುಬು ಗಟ್ಟಿ ಆಗ್ಲಿ ಅಂತ ದಿನಾ ಹಾಲಾಗ ಸುಣ್ಣದ ತಿಳಿ" ಎಂದರು. ಬಡ ಕರುವಿಗೆ, ಬಾಣಂತಿಗೆ ಎಲೆಯಡಿಕೆಯ ಸುಣ್ಣದ ತಿಳಿನೀರು ಕೊಡುವುದು ನಮ್ಮ ಕಡೆ ಹಿಂದಿನಿಂದ ಬಂದದ್ದು. ಮಾವನವರು ಕೆಮ್ಮಿ, ಹೊಲದಿಂದ ಬಂದಾಗ ತಾನೂ ಒಂದು ತಂಬಿಗೆ ಹಾಲು ಕೊಡುತ್ತೇನೆ, ಅದರಲ್ಲಿ ಎಮ್ಮೆಗೆ ತಂದ ಎಲುಬಿನ ಪುಡಿ ಒಂದು ಮುಷ್ಟಿ ಎಂದರು. ನಿಮ್ಮ ತಾತ ತಲೆ ಕೆರೆದುಕೊಂಡರು. ಅವರು ಹೋಟೆಲಿನಿಂದ ದಿನಾ ಎರಡು ಬನ್ನು ತರುತ್ತಿದ್ದರು.

ಒಬ್ಬರು ಕೊಡುವುದು ಒಬ್ಬರಿಗೆ ಗೊತ್ತಿರಲಿಲ್ಲ!

ಕಾಂಪೌಂಡರು, "ಇದು ನಾಯಿ ಅಲ್ರಿ ಗೌಡ್ರ. ನಾಕು ಮನಿ ಅಳಿಯ!" ಎಂದರು. ಎಲ್ಲರೂ ನಕ್ಕರು. ಅವರು ನಗಲಿಲ್ಲ. "ರೋಗ ನೀವು ತಂದದ್ದಲ್ಲ. ಹೆಚ್ಚು ಮಾಡಿದ್ದು ನೀವು. ಮೈ ಭಾರ ಮೊದ್ಲ ಬಂತು, ಕೀಲು ಹಿಂದ ಉಳೀತು. ಬೆಳೆಯೋ ಮರಿಗೆ ಸುಣ್ಣ ಹೆಚ್ಚಾದ್ರ ಎಲುಬು ಗಟ್ಟಿ ಆಗಂಗಿಲ್ರಿ ಅಮ್ಮಾರ, ಸೊಟ್ಟ ಬೆಳೀತೈತಿ. ಇವತ್ತಿಂದ ಒಂದ ಬಟ್ಲ, ಒಂದ ಕೈ."

"ಯಾರ ಕೈ?" ಎಂದರು ಅತ್ತೆ.

"ಹಗ್ಗ ಹಿಡಿದೋರ ಕೈ."

ಅಂದರೆ ನನ್ನದು. ಹಿರಿಯರ ಮುಂದೆ ತಲೆ ಎತ್ತದ ನಾನು ಇನ್ನು ಮೇಲೆ ಇಡೀ ಮನೆಗೆ ಬೇಡ ಎನ್ನಬೇಕು! ಅವರಿಗೆ ಬೇರೆ ಆಳು ಸಿಗಲಿಲ್ಲವೇ ಎಂದುಕೊಂಡೆ.

ಅವರು ಹೇಳಿಕೊಟ್ಟ ಪಥ್ಯ ನನಗೆ ಈಗಲೂ ನೆನಪಿದೆ. ಸುಣ್ಣ, ಎಲುಬಿನ ಪುಡಿ, ತುಪ್ಪ, ಬನ್ನು ಎಲ್ಲ ಬಂದ್. ಜೋಳದ ಗಂಜಿ ಅಳತೆಯಿಂದ, ಮಜ್ಜಿಗೆ, ಒಂದು ಮೊಟ್ಟೆ, ಬೇಯಿಸಿದ ನುಗ್ಗೆಸೊಪ್ಪು, ಅರೆದ ಅಗಸೆ ಒಂದು ಚಮಚ. ಕಂದು ಬಾಟಲಿಯಲ್ಲಿ ಮೀನೆಣ್ಣೆ, ಅದು ಕಾಲು ಚಮಚ ಮಾತ್ರ. "ಪ್ರೀತಿ ಬಂತು ಅಂತ ಇನ್ನೊಂದು ಚಮಚ ಹಾಕಿದ್ರ ಅದೂ ವಿಷ" ಎಂದು ಬೆದರಿಸಿದ್ದರು. ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಕಾಣಬಾರದು, ಅದೇ ಅವರ ತಕ್ಕಡಿ. ಜಾರುವ ಕಲ್ಲಿನ ಮೇಲೆ ಗೋಣಿತಟ್ಟು ಹಾಸಿಸಿದರು. ಎರಡು ತೊಡೆಯ ಸುತ್ತಳತೆಯನ್ನು ದಾರದಿಂದ ಹಿಡಿದು ಗಂಟು ಹಾಕಿ, ವಾರಕ್ಕೊಮ್ಮೆ ನೋಡುವುದು. ತೊಡೆಯ ಖಂಡ ಬೆಳೆದರೆ ಅದೇ ಕೀಲನ್ನು ಹಿಡಿದಿಡುತ್ತದೆ ಎನ್ನುತ್ತಿದ್ದರು.

ಮತ್ತೆ ಒಂದು ಇತ್ತು. ಕುರಿಯ ಕೀಲಿನ ಎಲುಬು, ಅದರ ತುದಿಯ ಮೆದು ಭಾಗ ಸಮೇತ ಮೂರು ತಾಸು ಕುದಿಸಿದ ಸಾರು. ನಮ್ಮದು ಲಿಂಗ ಕಟ್ಟಿದ ಮನೆ. ಮೊಟ್ಟೆಯನ್ನೇ ನಾನು ದನದ ಕೊಟ್ಟಿಗೆಯಲ್ಲಿ ಬೇಯಿಸುತ್ತಿದ್ದೆ, ಅದಕ್ಕೇ ಅತ್ತೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ಕಾಂಪೌಂಡರು, "ಸಾರು ನಮ್ಮ ಮನಿಯಾಕಿ ಕುದಸ್ತಾಳ. ಕುಡ್ಯಾಕ ಮೋತಿ ನಮ್ಮ ಮನಿಗೆ ಬರಬೇಕು. ಅಲ್ಲೀ ತನಕ ನಡೆಯೋದ ಅರ್ಧ ಔಷಧ" ಎಂದರು.

ನಮ್ಮ ಮನೆಯ ಸೊಸೆಯರು ಆ ಓಣಿಗೆ ಹೋದವರಲ್ಲ. ನಾನು ಹೋದೆ. ದಿನಾ ಸಂಜೆ, ಹಗ್ಗ ಹಿಡಿದು, ಅಂಗುಲ ಅಂಗುಲ. ಕಟ್ಟೆಯ ಮೇಲಿನವರು, "ಏನವ್ವಾ, ನಾಯಿನ ಬೀಗರ ಮನಿಗೆ ಕರಕೊಂಡು ಹೊಂಟಿಯೇನ?" ಎಂದು ಕೆಣಕುತ್ತಿದ್ದರು. ಮೊದಲು ಮೋತಿ ದಾರಿಯಲ್ಲಿ ನಾಲ್ಕು ಸಲ ಕೂರುತ್ತಿತ್ತು. ಆಮೇಲೆ ಮೂರು ಸಲ. ಸಾರಿನ ವಾಸನೆ ಓಣಿಯ ತಿರುವಿನಲ್ಲೇ ಹಿಡಿದು ಅದು ಕಿವಿ ನಿಮಿರಿಸುತ್ತಿದ್ದುದನ್ನು ನೋಡಬೇಕು!

ಅವರ ಮನೆ ಚಿಕ್ಕದು, ಸಾರಿಸಿದ ನೆಲ, ಗೋಡೆಯ ಮೇಲೆ ಬುದ್ಧನ ಪಟ. ಅವರ ಹೆಂಡತಿ ಗಟ್ಟಿ ದನಿಯ ಹೆಂಗಸು. ಮೊದಲ ದಿನ ಮೋತಿಗೆ ಸಾರು, ನನಗೆ ಚಹಾ ತಂದಿಟ್ಟರು. ಮೋತಿ ತಟ್ಟೆ ನೆಕ್ಕಿ ಮುಗಿಸಿತು. ನಾನು ಚಹಾ ಮುಟ್ಟಲಿಲ್ಲ. ಆರಿ ಕೆನೆಗಟ್ಟಿತು. ಅವರು ಒಳಗೆ ಒಯ್ದರು. ಮರುದಿನವೂ ತಂದಿಟ್ಟರು. ಅದರ ಮರುದಿನವೂ. ಹತ್ತು ದಿನ ಹಾಗೇ ಆಯಿತು. ಹನ್ನೊಂದನೆಯ ದಿನ ನನ್ನ ಕೈ ತಾನೇ ಲೋಟಕ್ಕೆ ಹೋಯಿತು. ಕುಡಿದೆ. ಅವರು ನಕ್ಕು, "ನಿನಗಿಂತ ನಿಮ್ಮ ನಾಯಿ ಶಾಣ್ಯಾ ಐತಿ ಬಿಡವ್ವಾ, ಮೊದ್ಲನೇ ದಿನಾನ ತಿಳ್ಕೊಂತು" ಎಂದರು. ಆ ಹತ್ತು ಲೋಟ ಚಹಾಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಅದನ್ನು ಬರೆಯದೆ ಬಿಟ್ಟರೆ ಇದು ಸುಳ್ಳು ಬರಹವಾಗುತ್ತದೆ.

ಕಾಲುವೆಯ ಈಜು ಅವರ ಇನ್ನೊಂದು ಔಷಧ. ನೀರಿನಲ್ಲಿ ಮೈ ಭಾರ ಕೀಲಿನ ಮೇಲೆ ಬೀಳುವುದಿಲ್ಲ, ಆದರೆ ತೊಡೆ ಕೆಲಸ ಮಾಡುತ್ತದೆ. ತೂಬಿನ ಹತ್ತಿರ ನೀರು ಸೊಂಟದಷ್ಟೇ ಇರುವ ಕಡೆ ಅವರು ಇಳಿದು, ಪಂಚೆಯನ್ನು ಮೋತಿಯ ಹೊಟ್ಟೆಯ ಕೆಳಗೆ ಜೋಲಿಯಂತೆ ಹಿಡಿದುಕೊಳ್ಳುತ್ತಿದ್ದರು. ನಾನು ದಂಡೆಯಲ್ಲಿ ಹಗ್ಗ ಹಿಡಿದು ಕರೆಯಬೇಕು.

"ಕರೀರಿ ತಂಗ್ಯವ್ವಾ."

"ಮೋತಿ" ಎಂದೆ.

"ಯಾರಿಗೆ ಕೇಳ್ಬೇಕದು? ಗಟ್ಟ್ಯಾಗಿ ಕರೀರಿ."

"ಮೋತೀ!"

"ಇನ್ನೂ ಗಟ್ಟಿ! ನೀರಿನ ಸಪ್ಪಳಕ್ಕಿಂತ ನಿಮ್ಮ ದನಿ ಮ್ಯಾಲಿರಬೇಕು!"

"ಮೋತೀ! ಬಾರೇ! ಬಾ!" ನನ್ನ ಗಂಟಲಿನಿಂದ ಅಂಥ ದನಿ ಬಂದದ್ದು ಮೊದಲ ಸಲ. ಆಚೆ ಗದ್ದೆಯಲ್ಲಿ ಕಳೆ ಕೀಳುತ್ತಿದ್ದವರು ಎದ್ದು ನಿಂತು ನೋಡಿದರು. ಅದೇ ಹೊತ್ತಿಗೆ ಕಾಂಪೌಂಡರು ಪಂಚೆ ಸಡಿಲ ಬಿಟ್ಟರು, ಮೋತಿ ತಾನೇ ಹಿಂದಿನ ಎರಡೂ ಕಾಲನ್ನು ಒಂದಾದ ಮೇಲೊಂದು ಬಡಿಯುತ್ತ ನನ್ನ ಕಡೆ ಬಂತು! ಮೊಲದಂತೆ ಅಲ್ಲ, ಒಂದಾದ ಮೇಲೊಂದು! ಕಾಂಪೌಂಡರು ನೀರಿನಲ್ಲಿ ನಿಂತೇ ಚಪ್ಪಾಳೆ ಹೊಡೆದರು. ಪಂಚೆ ತೇಲಿಹೋಯಿತು. ಚಡ್ಡಿಯಲ್ಲೇ ದಂಡೆಗುಂಟ ಓಡಿ ಮುಂದಿನ ತೂಬಿನ ಹತ್ತಿರ ಹಿಡಿದುಕೊಂಡು ಬಂದರು.

ಎಲ್ಲ ಸಲೀಸಾಗಿ ನಡೆಯಿತು ಎಂದುಕೊಳ್ಳಬೇಡಿ. ದಸರೆಯ ಮುಂದೆ ಮೋತಿಯ ಮೈ ಮತ್ತೆ ಬಂತು, ಪಕ್ಕೆಲುಬು ಕೈಗೆ ಸಿಗದಾಯಿತು. ನಾನು ಒಂದು ಅಗುಳೂ ಹೆಚ್ಚು ಹಾಕಿರಲಿಲ್ಲ. ಕಾಂಪೌಂಡರು ನನ್ನನ್ನು ನೋಡಿದರು, ಒಲೆಯ ಕಡೆ ನೋಡಿದರು. ಅತ್ತೆಯವರು ಕದ್ದು ಹಾಕುತ್ತಿದ್ದರು. ನನಗೆ ಗೊತ್ತಿತ್ತು. ಹೇಳುವ ಧೈರ್ಯ ಇರಲಿಲ್ಲ.

ದೀಪಾವಳಿಯ ದಿನ ಮೋಕ ಊರಿನಿಂದ ಅತ್ತೆಯವರ ತಮ್ಮನ ಮನೆಯವರೆಲ್ಲ ಬಂದಿದ್ದರು. ಅಂಗಳದಲ್ಲಿ ಜನ. ಕಾಂಪೌಂಡರು ವಾರದ ದಾರ ಹಿಡಿಯಲು ಬಂದು ಬಾಗಿಲ ಹೊರಗೆ ನಿಂತಿದ್ದರು. ಅತ್ತೆಯವರು ತುಪ್ಪ ಸುರಿಯುವ ಎರಡು ಹೋಳಿಗೆ ತಂದು ಎಲ್ಲರ ಎದುರಿಗೆ ಮೋತಿಯ ಬಟ್ಟಲಿಗೆ ಹಾಕಿದರು.

"ಅತ್ತ್ಯಾರ, ಬ್ಯಾಡ್ರಿ" ಎಂದೆ.

"ಹಬ್ಬ ಐತಿ ಸುಮ್ನಿರು. ಮೂಕಪ್ರಾಣಿ ಬಾಯಿ ನೋಡ್ತೈತಿ."

"ಬ್ಯಾಡಂದ್ನೆಲ್ರಿ!" ಕಾಲುವೆಯ ದನಿ ಅದು. ನಾನು ಬಗ್ಗಿ ಬಟ್ಟಲಿನಿಂದ ಹೋಳಿಗೆ ತೆಗೆದೆ. ತುಪ್ಪ ಮೊಣಕೈವರೆಗೆ ಇಳಿಯಿತು. "ನೀವು ಪ್ರೀತಿಲೆ ಹಾಕ್ತೀರಿ, ಅದು ನೋವಿಲೆ ಎದ್ದು ನಿಲ್ಲಬೇಕು. ಸೂಜಿ ಹಾಕಿದ ಮ್ಯಾಲೆ ಯಾರಿಗೆ ಹಾಕ್ತೀರಿ ಹೋಳಿಗಿ?"

ಅತ್ತೆಯವರು ಎಂಟು ದಿನ ನನ್ನೊಡನೆ ಮಾತಾಡಲಿಲ್ಲ. ಆದರೆ ಬಟ್ಟಲಿಗೂ ಕೈ ಹಾಕಲಿಲ್ಲ. ಕಾಂಪೌಂಡರು ಹೊಗಳಲಿಲ್ಲ. ದಾರ ಹಿಡಿದು, ಗಂಟು ನೋಡಿ, "ಮುಂದಿನ ವಾರದಿಂದ ಕಾಲುವಿ ಎರಡು ಸಲ" ಎಂದು ಸೈಕಲ್ ಹತ್ತಿದರು.

ಹತ್ತಿ ಬಿಡಿಸುವ ಕಾಲ ಬಂತು. ಮಾವನವರು ಮಾತಿನ ಮನುಷ್ಯ. ಒಂದು ಬೆಳಿಗ್ಗೆ ಕೋಲು ಹಿಡಿದು ಅಂಗಳಕ್ಕೆ ಬಂದು, "ಹೊಲಕ್ಕ ನಡೀರಿ. ನಡುವ ಕುಂತ್ರ ಕುಂತಲ್ಲೇ ಸೂಜಿ" ಎಂದರು. ಮನೆಯಿಂದ ಹೊಲಕ್ಕೆ ಒಂದು ಮೈಲಿಗೂ ಮೇಲೆ. ಕಾಂಪೌಂಡರ ಪೆಟ್ಟಿಗೆ ಸೈಕಲ್ಲಿನಲ್ಲಿತ್ತು. ಅದರಲ್ಲಿ ಏನಿದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮುಂದೆ ಮಾವನವರು, ಅವರ ಹಿಂದೆ ಹಗ್ಗ ಹಿಡಿದ ನಾನು, ಮೋತಿ, ಹಿಂದೆ ನಿಮ್ಮ ತಾತ, ಸೈಕಲ್ ನೂಕುತ್ತ ಕಾಂಪೌಂಡರು. ಮಾವನವರು ಬೇಕೆಂದೇ ಜೋರಾಗಿ ನಡೆದರು. ಅರ್ಧ ಮೈಲಿ ದಾಟಿತು. ಮೋತಿಯ ಬಲಗಾಲು ಸ್ವಲ್ಪ ಎಳೆಯತೊಡಗಿತು. ಕಾಂಪೌಂಡರು ಹಿಂದಿನಿಂದ ಮೆಲ್ಲಗೆ, "ಎಳೀಬ್ಯಾಡ್ರಿ, ಹಗ್ಗ ಸಡಿಲ ಬಿಡ್ರಿ. ಅದರ ನಡಿಗಿ ಅದಕ ಬಿಡ್ರಿ" ಎಂದರು. ಬಿಟ್ಟೆ. ಕಾಲುವೆಯ ಸೇತುವೆ ಬಂತು. ಏರು. ಮೋತಿ ನಾಲಿಗೆ ಹೊರಗೆ ಹಾಕಿ ಒಂದೊಂದೇ ಹೆಜ್ಜೆ ಇಟ್ಟಿತು. ಬಲ, ಎಡ, ಬಲ, ಎಡ.

ಸೇತುವೆಯ ನೆತ್ತಿಯಲ್ಲಿ ಮಾವನವರು ನಿಂತರು. ಮೊಣಕಾಲು ಹಿಡಿದುಕೊಂಡರು. "ಉಶ್ಶಪ್ಪಾ" ಎಂದು ಕಟ್ಟೆಯ ಮೇಲೆ ಕೂತೇಬಿಟ್ಟರು! ಬೆವರು ಮೀಸೆಯಿಂದ ಇಳಿಯುತ್ತಿತ್ತು. ಮೋತಿ ಅವರ ಪಕ್ಕಕ್ಕೆ ಬಂದು ನಿಂತಿತು. ನಾಲ್ಕೂ ಕಾಲ ಮೇಲೆ, ನೆಟ್ಟಗೆ.

ಕಾಂಪೌಂಡರು ಸೈಕಲ್ ನಿಲ್ಲಿಸಿದರು. ಬೆನ್ನು ನೆಟ್ಟಗೆ ಮಾಡಿ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಕೇಳಿದರು:

"ಗೌಡ್ರ, ಮೋತಿಗೆ ಆರು ತಿಂಗಳ ಟೈಮು ಕೊಟ್ರಿ. ನಿಮಗ ಎಷ್ಟು ಕೊಡ್ಲಿ?"

ಗೌಡರಿಗೆ ಆ ಓಣಿಯವರು ಆಡುವ ಮಾತೇ ಅದು? ಆ ಕಾಲದಲ್ಲಿ? ಮಾವನವರು ಅವರನ್ನು ನೋಡಿದರು. ಮೋತಿಯನ್ನು ನೋಡಿದರು. ತಮ್ಮ ಮೊಣಕಾಲು ನೋಡಿಕೊಂಡರು. ಆಮೇಲೆ ಹೊಟ್ಟೆ ಕುಲುಕತೊಡಗಿತು. ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು. "ಲೇ, ಇವನ ಮಾತು ಕೇಳ್ರಲೇ! ನನಗ ಸೂಜಿ ಹಾಕಾಕ ಬಂದಾನಲೇ ಇವ!" ಕಾಂಪೌಂಡರು ಆಗ ನಕ್ಕರು. ಅಷ್ಟು ಹಲ್ಲು ಕಾಣುವಂತೆ ಅವರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ನಾನು ಅಳುತ್ತ ನಗುತ್ತ ಮೋತಿಯ ಕುತ್ತಿಗೆ ತಬ್ಬಿಕೊಂಡು ರಸ್ತೆಯ ಮೇಲೆಯೇ ಕೂತೆ.

ಹೊಲ ಮುಟ್ಟಿದವರು ಮೊದಲು ಮೋತಿ, ಆಮೇಲೆ ನಾನು. ಮಾವನವರು ಗಾಡಿಯಲ್ಲಿ ಬಂದರು. ಮರುದಿನದಿಂದ ಅವರ ತಟ್ಟೆಯ ತುಪ್ಪವೂ ಅರ್ಧಕ್ಕೆ ಇಳಿಯಿತು. ಅತ್ತೆಯವರೇ ಇಳಿಸಿದರು.

ಆ ಸಂಜೆ ಮಾವನವರು, "ಕಟ್ಟಿ ಮ್ಯಾಲ ಬಂದು ಕುಂದರಪಾ" ಎಂದು ಕಾಂಪೌಂಡರನ್ನು ಕರೆದರು. "ಇಲ್ಲೇ ಚೊಲೋ ಐತ್ರಿ" ಎಂದು ಅವರು ಪೆಟ್ಟಿಗೆಯ ಮೇಲೆಯೇ ಕೂತರು. ಸಿಟ್ಟಿನಿಂದಲ್ಲ. ಕರೆದದ್ದು ತಡವಾಗಿತ್ತು ಎಂದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು.

ಮೋತಿಗೆ ವಾಸಿಯಾಯಿತು ಎಂದು ಯಾರಾದರೂ ಅಂದರೆ ಕಾಂಪೌಂಡರು ತಿದ್ದುತ್ತಿದ್ದರು. "ವಾಸಿ ಅನಬ್ಯಾಡ್ರಿ. ಒರಳು ಇನ್ನೂ ಹಂಗ ಐತಿ. ದಿನಾ ಗೆಲ್ಲಬೇಕು ಇದನ್ನ." ಚಳಿಗಾಲದ ಬೆಳಿಗ್ಗೆ ಅದು ಕುಂಟುತ್ತಿತ್ತು. ಬಿಸಿ ಉಪ್ಪಿನ ಗಂಟಿನಿಂದ ಕಾವು ಕೊಟ್ಟರೆ ಬಿಸಿಲೇರುವ ಹೊತ್ತಿಗೆ ಹೊಲದಲ್ಲಿ ಕೋತಿ ಓಡಿಸುತ್ತಿತ್ತು. ಹತ್ತು ವರ್ಷ ಬದುಕಿತು, ತನ್ನ ಕಾಲ ಮೇಲೆ. ನಿಮ್ಮ ಅಪ್ಪ ನಡೆಯಲು ಕಲಿತದ್ದು ಅದರ ಬೆನ್ನು ಹಿಡಿದು. ಆ ಹೊತ್ತಿಗೆ ಕಾಂಪೌಂಡರಿಗೆ ಸಿರುಗುಪ್ಪಕ್ಕೆ ವರ್ಗವಾಗಿತ್ತು. ಕಾಗದ ಬರೆಯಬೇಕೆಂದು ನೂರು ಸಲ ಅಂದುಕೊಂಡೆ, ನಾಚಿಕೆಯಿಂದ ಬರೆಯಲಿಲ್ಲ. ಈಗ ನಾನಿರುವುದೂ ಸಿರುಗುಪ್ಪದಲ್ಲೇ, ಕೆಂಚನಗುಡ್ಡ ಇಲ್ಲಿಂದ ಎಷ್ಟು ದೂರ? ಹೋಗಲಿಲ್ಲ. ಅವರಿಗೆ ಬರೆಯಬೇಕಾಗಿದ್ದ ಕಾಗದವೇ ಇದು ಎಂದುಕೊಳ್ಳಿ, ತಲುಪುವುದು ನಿಮಗೆ.

ಅವರ ಫೋಟೋ ನನ್ನ ಹತ್ತಿರ ಇಲ್ಲ, ಯಾರೂ ತೆಗೆಯಲಿಲ್ಲ. ಈ ಹಾಳೆಗಳನ್ನು ಜೋಪಾನವಾಗಿ ಇಡಿ, ಮಕ್ಕಳೇ. ಒದ್ದೆಯಾಗಲು ಬಿಡಬೇಡಿ, ಗೆದ್ದಲಿಗೆ ಕೊಡಬೇಡಿ. ಒಂದು ನಾಯಿಗಾಗಿ ಇಷ್ಟು ಬರೆಯಬೇಕಿತ್ತೇ ಎಂದು ಯಾರಾದರೂ ಕೇಳಿದರೆ ವಾದ ಮಾಡಬೇಡಿ, ಕೂರಿಸಿ ಓದಿಸಿ. ಓದಿದ ಮೇಲೆ ಹಾಳೆ ಮಾತ್ರ ವಾಪಸು ಇಸಿದುಕೊಳ್ಳಿ.